ಮನೆಬಳಕೆಗೆ ಟೆನ್ಸ್ ಯಂತ್ರ: ಯಾರಿಗೆ ಯಾವ ಬಗೆ ಹೊಂದುತ್ತದೆ

ಹುಬ್ಬಳ್ಳಿ-ಧಾರವಾಡದ ಕಡೆ ‘ಫಿಜಿಯೋಥೆರಪಿಯವರ ಹತ್ತಿರ ಹೋಗಿ ಕರೆಂಟ್ ಕೊಡಿಸಿಕೊಂಡು ಬಂದೆ’ ಎನ್ನುವವರು ಈಗ ಪ್ರತಿ ಓಣಿಯಲ್ಲಿಯೂ ಸಿಗುತ್ತಾರೆ. ಬೆಟಗೇರಿಯ ಕುಣಿಮಗ್ಗದಲ್ಲಿ ವರ್ಷಗಟ್ಟಲೆ ಕುಳಿತವರ ಟೊಂಕ, ಬ್ಯಾಡಗಿಯಲ್ಲಿ ದಿನವಿಡೀ ನೆಲದ ಮೇಲೆ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಮೊಣಕಾಲು, ಕಂಪ್ಯೂಟರ್ ಮುಂದೆ ಬಾಗಿದವರ ಕುತ್ತಿಗೆ, ಎಲ್ಲವೂ ಕೊನೆಗೆ ಕರೆಂಟ್ ಕೊಡುವ ಆ ಪ್ಯಾಡುಗಳ ಹತ್ತಿರವೇ ಬಂದು ನಿಲ್ಲುತ್ತವೆ. ಅಂಥ ಕರೆಂಟನ್ನು ಮನೆಯಲ್ಲಿಯೇ ತೆಗೆದುಕೊಳ್ಳಬಹುದಾದ, ಟೆನ್ಸ್ ಎಂಬ ಅಂಗೈಯಗಲದ ಯಂತ್ರಗಳು ಸರ್ಜಿಕಲ್ ಅಂಗಡಿಗಳಲ್ಲಿಯೂ ಆನ್‌ಲೈನಿನಲ್ಲಿಯೂ ಧಾರಾಳವಾಗಿ ಸಿಗುತ್ತಿರುವುದರಿಂದ, ಕುಂದಗೋಳದಿಂದಲೋ ಕಲಘಟಗಿಯಿಂದಲೋ ಬಸ್ಸು ಹಿಡಿದು ವಾರಕ್ಕೆ ಹಲವು ಸಲ ಊರಿಗೆ ಬರಬೇಕಾದವರಿಗೆ ಅದನ್ನು ಕೊಳ್ಳುವ ಆಸೆಯಾಗುವುದು ಸಹಜ. ಆದರೆ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ‘24 ಮೋಡ್’, ‘36 ಮೋಡ್’ (ಮೋಡ್ ಎಂದರೆ ಮೊದಲೇ ಹೊಂದಿಸಿಟ್ಟ ಮಿಡಿತದ ಬಗೆ) ಎಂಬ ಅಂಕಿಗಳನ್ನು ನೋಡಿ ಕೊಳ್ಳುವುದು ಸರಿಯಾದ ದಾರಿಯಲ್ಲ. ಈ ಯಂತ್ರ ತಮ್ಮ ದೇಹಕ್ಕೆ ಸಲ್ಲುತ್ತದೆಯೇ ಎಂಬುದನ್ನು ಮೊದಲು, ಅದನ್ನು ಬಳಸುವವರ ಕೈಗೂ ಕಣ್ಣಿಗೂ ಅದರ ಗುಂಡಿಗಳು ಎಟಕುತ್ತವೆಯೇ ಎಂಬುದನ್ನು ಅನಂತರ, ಪ್ಯಾಡುಗಳು ಮುಂದೆಯೂ ಸಿಗುತ್ತವೆಯೇ ಎಂಬುದನ್ನು ಮೂರನೆಯದಾಗಿ ನೋಡಬೇಕು. ಮೋಡ್‌ಗಳ ಲೆಕ್ಕ ಇವೆಲ್ಲದರ ನಂತರದ ಮಾತು.

ಮೂರು ಬಗೆಯ ಕರೆಂಟು

ಅಂಗಡಿಯಲ್ಲಿ ಆಗುವ ಹೆಚ್ಚಿನ ಗೊಂದಲ ಇಲ್ಲಿಯೇ ಹುಟ್ಟುತ್ತದೆ. ಟೆನ್ಸ್ ಎಂಬುದು ಚರ್ಮದ ಮೇಲೆ ಅಂಟಿಸಿದ ಪ್ಯಾಡುಗಳ ಮೂಲಕ ನರಗಳಿಗೆ ಸಣ್ಣ ಸಣ್ಣ ವಿದ್ಯುತ್ ಮಿಡಿತಗಳನ್ನು ಕಳಿಸಿ ನೋವಿನ ಅನುಭವವನ್ನು ತಗ್ಗಿಸುವ ಸಾಧನ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಮಂಡಿಸಿದ ‘ಗೇಟ್ ಕಂಟ್ರೋಲ್’ ಸಿದ್ಧಾಂತ ಇದಕ್ಕೆ ತಳಹದಿ: ಸ್ಪರ್ಶವನ್ನು ಒಯ್ಯುವ ದಪ್ಪ ನರತಂತುಗಳು ಚುರುಕಾದಾಗ ಬೆನ್ನುಹುರಿಯ ಮಟ್ಟದಲ್ಲಿ ನೋವಿನ ಸಂದೇಶಕ್ಕೆ ತಡೆ ಬೀಳುತ್ತದೆ. ಮೊಣಕಾಲಿಗೆ ಪೆಟ್ಟು ಮಾಡಿಕೊಂಡ ಕೂಸಿನ ಕಾಲನ್ನು ಅವ್ವ ಅಂಗೈಯಿಂದ ತಿಕ್ಕಿದಾಗ ಅಳು ಇಳಿಯುವುದು ಹೇಗೋ ಹಾಗೆ. ಇದಲ್ಲದೆ ದೇಹ ತಾನೇ ತಯಾರಿಸುವ, ಅಫೀಮಿನ ಗುಣದ ನೋವುನಿವಾರಕ ರಾಸಾಯನಿಕಗಳ ಬಿಡುಗಡೆಗೂ ಈ ಮಿಡಿತಗಳು ಕಾರಣವಾಗುತ್ತವೆ ಎಂಬುದನ್ನು ನಂತರದ ಸಂಶೋಧನೆಗಳು ತೋರಿಸಿವೆ.

ಇಎಂಎಸ್ ಎಂದು ಬರೆದಿರುವ ಯಂತ್ರದ ಉದ್ದೇಶವೇ ಬೇರೆ. ಅದು ಸ್ನಾಯುವನ್ನು ಬಿಗಿಗೊಳಿಸಿ ಸಡಿಲಿಸುತ್ತದೆ. ಶಸ್ತ್ರಚಿಕಿತ್ಸೆಯ ನಂತರ ತೊಡೆಯ ಸ್ನಾಯು ಸೊರಗಿದವರಿಗೆ, ಬಹುಕಾಲ ಹಾಸಿಗೆ ಹಿಡಿದವರಿಗೆ ತಜ್ಞರು ಅದನ್ನು ಹೇಳುತ್ತಾರೆ. ಒಂದೇ ಡಬ್ಬಿಯಲ್ಲಿ ಟೆನ್ಸ್ ಮತ್ತು ಇಎಂಎಸ್ ಎರಡೂ ಇರುವ ಯಂತ್ರಗಳು ಬಹಳ. ಅಂಥದನ್ನು ಕೊಂಡರೆ ತಪ್ಪೇನಿಲ್ಲ, ಆದರೆ ಯಾವ ಗುಂಡಿ ಯಾವುದಕ್ಕೆ ಎಂಬುದು ಪರದೆಯ ಮೇಲೆ ಸ್ಪಷ್ಟವಾಗಿ ಕಾಣುವಂತಿರಬೇಕು. ನೋವಿರುವ ಟೊಂಕಕ್ಕೆ ಗೊತ್ತಿಲ್ಲದೆ ಇಎಂಎಸ್ ಹಚ್ಚಿದರೆ ಮೊದಲೇ ಬಿಗಿದ ಸ್ನಾಯು ಇನ್ನಷ್ಟು ಬಿಗಿಯಬಹುದು.

ಮೂರನೆಯದು ಐಎಫ್‌ಟಿ. ಕ್ಲಿನಿಕ್ಕಿನಲ್ಲಿ ನಾಲ್ಕು ಪ್ಯಾಡುಗಳನ್ನು ಅಡ್ಡಡ್ಡ ಇಟ್ಟು ಕೊಡುವ ಕರೆಂಟು ಬಹಳ ಸಲ ಇದೇ ಆಗಿರುತ್ತದೆ. ಸುಮಾರು 4000 ಹರ್ಟ್ಜ್ (ಸೆಕೆಂಡಿಗೆ 4000 ಸಲ) ಆವರ್ತನದ ಎರಡು ಪ್ರವಾಹಗಳು ದೇಹದೊಳಗೆ ಒಂದನ್ನೊಂದು ಹಾಯ್ದು ನಿಧಾನದ ಮಿಡಿತವೊಂದನ್ನು ಹುಟ್ಟಿಸುವ ವಿಧಾನವಿದು. ‘ಅಲ್ಲಿ ಕೊಟ್ಟದ್ದೇ ನಮಗೆ ಬೇಕು’ ಎಂದು ಹಟ ಹಿಡಿದು ಐಎಫ್‌ಟಿ ಯಂತ್ರವನ್ನೇ ಮನೆಗೆ ತರುವವರನ್ನು ನೋಡಿದ್ದೇನೆ. ಪ್ಯಾಡುಗಳನ್ನು ಅಡ್ಡಡ್ಡವಾಗಿ ಸರಿಯಾದ ಸ್ಥಾನದಲ್ಲಿ ಇಡದಿದ್ದರೆ ಅದರಿಂದ ಬಯಸಿದ ಫಲ ಸಿಗುವುದಿಲ್ಲವಾದ್ದರಿಂದ ಮನೆಗೆ ಟೆನ್ಸ್ ಸಾಕೆಂಬುದು ನನ್ನ ನಿಲುವು.

ಯಾರು ಕೊಳ್ಳಬಾರದು

ಎದೆಯಲ್ಲಿ ಪೇಸ್‌ಮೇಕರ್ ಅಥವಾ ಹೃದಯಕ್ಕೆ ತಾನಾಗಿ ಶಾಕ್ ಕೊಡುವ ಐಸಿಡಿ ಇರುವವರು ಈ ಯಂತ್ರವನ್ನು ಮನೆಯಲ್ಲಿ ಬಳಸಲೇಬಾರದು; ಯಂತ್ರದ ಮಿಡಿತವನ್ನು ಆ ಸಾಧನ ಹೃದಯದ ಮಿಡಿತವೆಂದು ತಪ್ಪಾಗಿ ತಿಳಿಯುವ ಅಪಾಯವಿದೆ. ಗರ್ಭಿಣಿಯರ ಹೊಟ್ಟೆ, ಟೊಂಕ ಮತ್ತು ಕಿಬ್ಬೊಟ್ಟೆಯ ಭಾಗಕ್ಕೆ ಹಚ್ಚಬಾರದು. ಕ್ಯಾನ್ಸರ್ ಗಡ್ಡೆ ಇರುವ ಜಾಗ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಭಾಗ, ಹುಣ್ಣು ಮತ್ತು ಗಾಯದ ಮೇಲೆ ಬೇಡ. ಕುತ್ತಿಗೆಯ ಮುಂಭಾಗ ಅತ್ಯಂತ ಸೂಕ್ಷ್ಮವಾದದ್ದು: ಅಲ್ಲಿ ಹಚ್ಚಿದರೆ ಗಂಟಲಿನ ಸ್ನಾಯು ಬಿಗಿಯಬಹುದು, ರಕ್ತದೊತ್ತಡ ತಟ್ಟನೆ ಇಳಿಯಬಹುದು. ಕಣ್ಣಿನ ಮೇಲೆ, ಎದೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಹಾಯುವಂತೆ ಪ್ಯಾಡು ಇಡಬಾರದು. ಮೂರ್ಛೆರೋಗ ಇರುವವರು ತಲೆ ಮತ್ತು ಕುತ್ತಿಗೆಗೆ ಹಚ್ಚಿಕೊಳ್ಳಬಾರದು, ಉಳಿದ ಜಾಗಕ್ಕೂ ವೈದ್ಯರನ್ನು ಕೇಳಿಯೇ ಹಚ್ಚಿಕೊಳ್ಳಬೇಕು.

ನಮ್ಮ ಭಾಗದಲ್ಲಿ ನನಗೆ ಹೆಚ್ಚು ಕಳವಳ ಹುಟ್ಟಿಸುವವರು ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರು. ‘ಪಾದ ಜೋಮು ಹಿಡಿಯುತ್ತದೆ, ಉರಿಯುತ್ತದೆ, ಕರೆಂಟ್ ಕೊಟ್ಟರೆ ರಕ್ತ ಸರಿಯಾಗಿ ಹರಿಯುತ್ತದೆ’ ಎಂದು ನಂಬಿ ಇಂಥ ಯಂತ್ರವನ್ನು ಮೊದಲು ಕೊಳ್ಳುವವರು ಬಹುಮಟ್ಟಿಗೆ ಅವರೇ. ಸ್ಪರ್ಶವಿಲ್ಲದ ಚರ್ಮಕ್ಕೆ ಕರೆಂಟ್ ಎಷ್ಟಾಯಿತೆಂದು ತಿಳಿಯುವುದಿಲ್ಲ. ‘ಏನೂ ಗೊತ್ತಾಗುತ್ತಿಲ್ಲ’ ಎಂದು ಏರಿಸುತ್ತ ಹೋದರೆ ಚರ್ಮ ಸುಡಬಹುದು, ಮತ್ತು ಅಂಥ ಪಾದದಲ್ಲಿ ಎದ್ದ ಗುಳ್ಳೆ ಬೇಗ ಮಾಯುವುದಿಲ್ಲ. ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಆ ಜಾಗವನ್ನು ಮುಟ್ಟಿದಾಗ ತಿಳಿಯದಿದ್ದರೆ ಅಲ್ಲಿ ಪ್ಯಾಡು ಅಂಟಿಸುವ ಮಾತೇ ಬೇಡ. ಇನ್ನು ಮೊಣಕಾಲು ಕೀಲನ್ನು ಬದಲಿಸಿಕೊಂಡವರಿಗೆ ಒಳಗಿನ ಲೋಹವೊಂದೇ ಅಡ್ಡಿಯಲ್ಲ, ಆದರೆ ಗಾಯ ಪೂರ್ತಿ ಮಾಗಿರಬೇಕು ಮತ್ತು ಶಸ್ತ್ರಚಿಕಿತ್ಸೆ ಮಾಡಿದವರನ್ನು ಒಮ್ಮೆ ಕೇಳಬೇಕು.

ಕೆಲವು ನೋವುಗಳು ಆಸ್ಪತ್ರೆಗೇ ಹೋಗಬೇಕಾದವು. ಎದೆಯಿಂದ ಎಡಗೈಗೆ ಹರಿಯುವ ನೋವು, ಬಿದ್ದ ನಂತರ ಶುರುವಾದ ಬೆನ್ನುನೋವು, ಜ್ವರ ಅಥವಾ ತೂಕ ಇಳಿಯುವುದರ ಜೊತೆಗಿರುವ ನೋವು, ಕಾಲಿನ ಬಲ ಕುಂದುವುದು, ತೊಡೆಸಂದು ಮರಗಟ್ಟುವುದು, ಮೂತ್ರದ ಹಿಡಿತ ತಪ್ಪುವುದು: ಇವು ಕಾಣಿಸಿಕೊಂಡವರಿಗೆ ಯಂತ್ರ ಹಚ್ಚಿ ಎರಡು ದಿನ ಕಾಯಿಸುವುದು ದೊಡ್ಡ ಅನಾಹುತಕ್ಕೆ ದಾರಿ.

ಎಷ್ಟು ನಿರೀಕ್ಷಿಸಬಹುದು

ದುಡ್ಡು ಕೊಡುವ ಮೊದಲು ಇದನ್ನು ತಿಳಿದಿರಬೇಕು. 381 ಪ್ರಯೋಗಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಿ 2022ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನವು, ಟೆನ್ಸ್ ಹಚ್ಚಿಕೊಂಡಿರುವಾಗ ಮತ್ತು ತೆಗೆದ ತಕ್ಷಣದ ಹೊತ್ತಿನಲ್ಲಿ ನೋವಿನ ತೀವ್ರತೆ ಹುಸಿ ಯಂತ್ರ ಹಚ್ಚಿಕೊಂಡವರಿಗಿಂತ ಕಡಿಮೆ ಇರುತ್ತದೆ ಎಂದು ಕಂಡುಕೊಂಡಿದೆ. ಅದೇ ಹೊತ್ತಿಗೆ, ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿ ಟೊಂಕನೋವಿಗೆ ಟೆನ್ಸ್ ಕೊಡುವುದು ಬೇಡವೆಂದಿದೆ. ಅಮೆರಿಕದ ಸಂಧಿವಾತ ತಜ್ಞರ ಸಂಘದ 2019ರ ಮಾರ್ಗಸೂಚಿ ಮೊಣಕಾಲು ಮತ್ತು ಸೊಂಟದ ಕೀಲುಸವೆತಕ್ಕೆ ಇದನ್ನು ಬಳಸಬಾರದೆಂದು ಕಟ್ಟುನಿಟ್ಟಾಗಿಯೇ ಹೇಳಿದೆ. ಎರಡನ್ನೂ ಕೂಡಿಸಿ ಓದಿದರೆ ನನಗೆ ಅನ್ನಿಸುವುದು ಇಷ್ಟು: ಈ ಯಂತ್ರ ಸವೆದ ಕೀಲನ್ನು ರಿಪೇರಿ ಮಾಡುವುದಿಲ್ಲ, ಕೆಲವರಿಗೆ ಕೆಲವು ಹೊತ್ತು ಹಗುರ ಮಾಡುತ್ತದೆ. ಆ ಹಗುರವಾದ ಹೊತ್ತಿನಲ್ಲಿ ತೊಡೆಯ ವ್ಯಾಯಾಮ, ನಡಿಗೆ ಮಾಡಲು ಸಾಧ್ಯವಾದರೆ ಯಂತ್ರಕ್ಕೆ ಹಾಕಿದ ದುಡ್ಡು ಸಾರ್ಥಕ. ವ್ಯಾಯಾಮ ಬಿಟ್ಟು ಬರಿ ಪ್ಯಾಡು ಅಂಟಿಸಿಕೊಂಡು ಟಿವಿ ಮುಂದೆ ಕೂಡುವವರಿಗೆ ಇದರಿಂದ ಉಳಿಯುವುದು ಕಡಿಮೆ.

ಆದ್ದರಿಂದ ಕೊಳ್ಳುವ ಮೊದಲು ಬಳಸಿ ನೋಡುವುದೇ ಜಾಣತನ. ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ, ಈಗ ಕೆಎಂಸಿಆರ್‌ಐ ಎಂದು ಹೆಸರಾದ ನಮ್ಮ ಕಿಮ್ಸ್ ಆಸ್ಪತ್ರೆ, ಧಾರವಾಡದ ಸತ್ತೂರಿನ ಎಸ್‌ಡಿಎಂ, ಗದಗಿನ ಜಿಮ್ಸ್, ಇಂಥ ಕಡೆಗಳಲ್ಲಿ ಅಥವಾ ಊರಿನ ಫಿಜಿಯೋಥೆರಪಿಯವರಲ್ಲಿ ‘ಟೆನ್ಸ್ ಮಾತ್ರ ಹಚ್ಚಿ ನೋಡಿ, ಐಎಫ್‌ಟಿ ಬೇಡ’ ಎಂದು ಕೇಳಿಕೊಂಡು ಕೆಲವು ಸಲ ಹಚ್ಚಿಸಿಕೊಳ್ಳಬೇಕು. ಅಲ್ಲಿ ಗುಣ ಕಂಡರೆ ಪ್ಯಾಡು ಎಲ್ಲಿ ಇಡಬೇಕೆಂಬುದನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಬರಬಹುದು. ಕಾಣದಿದ್ದರೆ ಯಂತ್ರದ ದುಡ್ಡು ಉಳಿಯಿತು.

ಯಂತ್ರಗಳ ಬಗೆ

ಮೊದಲನೆಯದು ವೈರಿರುವ, ಕಿಸೆಯಲ್ಲಿ ಹಿಡಿಸುವ, ಎರಡು ಚಾನೆಲ್ಲಿನ (ಕರೆಂಟು ಹೊರಡುವ ಎರಡು ದಾರಿಗಳ) ಯಂತ್ರ. ಒಂದೊಂದು ಚಾನೆಲ್ಲಿಗೆ ಎರಡರಂತೆ ನಾಲ್ಕು ಪ್ಯಾಡುಗಳು. ಎರಡೂ ಮೊಣಕಾಲು ನೋಯುವವರಿಗೆ, ಅಗಲವಾಗಿ ಟೊಂಕ ನೋಯುವವರಿಗೆ ಎರಡು ಚಾನೆಲ್ ಬೇಕೇ ಬೇಕು. ಆದರೆ ಪರೀಕ್ಷಿಸಬೇಕಾದ ಸಂಗತಿಯೊಂದಿದೆ: ಎರಡು ಚಾನೆಲ್ಲಿನ ತೀವ್ರತೆಯನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸಲು ಬರುತ್ತದೆಯೇ? ಕಡಿಮೆ ಬೆಲೆಯ ಕೆಲವು ಯಂತ್ರಗಳಲ್ಲಿ ಎರಡು ರಂಧ್ರಗಳಿದ್ದರೂ ನಿಯಂತ್ರಣ ಒಂದೇ ಇರುತ್ತದೆ. ಎಡಗಾಲಿಗೆ ಹಿತವಾದದ್ದು ಬಲಗಾಲಿಗೆ ಚುಚ್ಚಿದರೂ ಮಾಡುವಂತಿಲ್ಲ. ನಿಯಂತ್ರಣ ಬೇರೆ ಬೇರೆ ಇರುವ ಯಂತ್ರಗಳು ಸಾಮಾನ್ಯವಾಗಿ ಎರಡರಿಂದ ನಾಲ್ಕು ಸಾವಿರ ರೂಪಾಯಿಯ ಆಸುಪಾಸಿನಲ್ಲಿಯೇ ಸಿಗುತ್ತವೆ. ಮನೆಮಂದಿಗೆ ನಾನು ಮೊದಲು ಹೇಳುವುದು ಈ ಬಗೆಯನ್ನೇ.

ಎರಡನೆಯದು, ಫಿಜಿಯೋಥೆರಪಿ ಕ್ಲಿನಿಕ್ಕುಗಳಲ್ಲಿ ಕಾಣುವ, ತಿರುವುವ ಗುಂಡಿಗಳಿರುವ, ಗೋಡೆಯ ಪ್ಲಗ್ಗಿಗೆ ಹಾಕುವ ದೇಶೀ ತಯಾರಿಕೆಯ ಡಬ್ಬಿ. ಇದರ ಗುಣ ದೊಡ್ಡದು: ಗುಂಡಿ ದಪ್ಪ, ಅಕ್ಷರ ದಪ್ಪ, ಕಣ್ಣು ಮಂಜಾದ ಹಿರಿಯರೂ ತಿರುವಬಲ್ಲರು, ಕೆಟ್ಟರೆ ಬಹಳ ಸಲ ರಿಪೇರಿಯಾಗುತ್ತದೆ. ದೋಷವೂ ಸಣ್ಣದಲ್ಲ. ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದರೂ ಒಳಗೆ ಅರ್ಥಿಂಗ್ ಇರುವುದಿಲ್ಲ, ಹೆಸ್ಕಾಂ ಕರೆಂಟು ಹೋಗಿ ಬರುವಾಗ ವೋಲ್ಟೇಜ್ ಏರುಪೇರಾಗುತ್ತದೆ. ಗೋಡೆಯ ಕರೆಂಟಿಗೂ ದೇಹಕ್ಕೂ ನಡುವೆ ಪ್ರತ್ಯೇಕತೆ ಕಾಯುವ ಒಳ್ಳೆಯ ಟ್ರಾನ್ಸ್‌ಫಾರ್ಮರ್ ಇಲ್ಲದ ಅಗ್ಗದ ಡಬ್ಬಿಯನ್ನು ಇಂಥ ಮನೆಯಲ್ಲಿ ಬಳಸುವುದು ಅಪಾಯ. ಜೊತೆಗೆ ಹಿಂದಿನ ಸಲ ಎಲ್ಲಿಗೆ ತಿರುವಿತ್ತೋ ಗುಂಡಿ ಅಲ್ಲಿಯೇ ನಿಂತಿರುತ್ತದೆ. ಸೊನ್ನೆಗೆ ತರದೆ ಸ್ವಿಚ್ ಹಾಕಿದರೆ ಝಾಡಿಸಿದಂತಾಗುತ್ತದೆ. ಬ್ಯಾಟರಿಯ ಯಂತ್ರದಲ್ಲಿ ಇವೆರಡೂ ತೊಂದರೆ ಇಲ್ಲ. ಆದರೆ ಚಾರ್ಜ್ ಮಾಡುವಾಗ ಬಳಸಲು ಬರದಂತೆ ತಾನೇ ತಡೆಯುವ ಯಂತ್ರವನ್ನು ಆರಿಸಬೇಕು, ತಡೆಯದಿದ್ದರೂ ಚಾರ್ಜರ್ ಕಿತ್ತೇ ಹಚ್ಚಿಕೊಳ್ಳಬೇಕು.

ವೈರಿಲ್ಲದೆ ನೇರ ಮೈಗೆ ಅಂಟುವ, ಮೊಬೈಲ್ ಆ್ಯಪಿನಿಂದಲೋ ಸಣ್ಣ ರಿಮೋಟಿನಿಂದಲೋ ನಡೆಯುವ ಯಂತ್ರಗಳು ಮೂರನೆಯ ಬಗೆ. ದಿನವಿಡೀ ನಿಂತು ದುಡಿಯುವವರಿಗೆ, ಬಟ್ಟೆಯೊಳಗೆ ಕಾಣದಂತೆ ಧರಿಸಬೇಕಾದವರಿಗೆ ಇವು ನಿಜಕ್ಕೂ ಅನುಕೂಲ. ಆದರೆ ಇವಕ್ಕೆ ಬೇಕಾಗುವ ಪ್ಯಾಡು ಬಹುಮಟ್ಟಿಗೆ ಅದೇ ಕಂಪನಿಯದಾಗಿರಬೇಕು, ಎರಡು ಪ್ಯಾಡುಗಳ ನಡುವಿನ ಅಂತರ ಕೆಲವುದರಲ್ಲಿ ಮೊದಲೇ ನಿಗದಿಯಾಗಿರುತ್ತದೆ, ಮತ್ತು ಹಿರಿಯರೊಬ್ಬರೇ ಇರುವ ಮನೆಯಲ್ಲಿ ಕರೆಂಟ್ ಹೆಚ್ಚಾದಾಗ ಆ್ಯಪು ಹುಡುಕಿ ಇಳಿಸುವುದು ಆಗದ ಮಾತು. ಯಂತ್ರದ ಮೈಮೇಲೆಯೇ ಆಫ್ ಗುಂಡಿ ಇಲ್ಲದ ಯಾವುದನ್ನೂ ವಯಸ್ಸಾದವರಿಗೆ ಕೊಡಿಸಬಾರದು.

ಪಾದ ಇಟ್ಟುಕೊಳ್ಳುವ ಇಎಂಎಸ್ ಚಾಪೆಗಳು ಇನ್ನೊಂದು ಬಗೆ. ಇವುಗಳ ಜಾಹೀರಾತು ಮೊಬೈಲ್ ತೆರೆದರೆ ಸಾಕು, ಎದುರಿಗೆ ಬರುತ್ತದೆ, ಮತ್ತು ಅದು ಗುರಿಯಿಡುವುದು ಸಕ್ಕರೆ ಕಾಯಿಲೆಯವರ ಪಾದಕ್ಕೇ. ಮೇಲೆ ಹೇಳಿದ ಕಾರಣದಿಂದ ಅವರೇ ಇದರಿಂದ ದೂರ ಇರಬೇಕಾದವರು. ಉಳಿದವರಿಗೂ ಇದರ ಕರೆಂಟು ಪಾದ ಮತ್ತು ಮೀನಖಂಡದ ಆಚೆಗೆ ಹೆಚ್ಚು ತಲುಪುವುದಿಲ್ಲ. ಟೊಂಕ, ಮೊಣಕಾಲುಗಳಿಗೆ ಇದನ್ನು ಕೊಳ್ಳುವುದರಲ್ಲಿ ಅರ್ಥವಿಲ್ಲ. ಪೆನ್ನಿನಂಥ ಸಾಧನಗಳೂ ಮಾರುಕಟ್ಟೆಯಲ್ಲಿವೆ. ಒಂದು ಬಿಂದುವಿಗೆ ಚುರುಕೆನಿಸುವ ಅವು ಟೆನ್ಸಿನ ಕೆಲಸ ಮಾಡುವುದಿಲ್ಲವಾದ್ದರಿಂದ ಅವನ್ನು ಈ ಹೋಲಿಕೆಯಿಂದಲೇ ಬಿಡುತ್ತೇನೆ.

ಅಂಕಿಗಳನ್ನು ಓದುವುದು

ಮೂರು ಅಂಕಿಗಳು ಸಾಕು. ಮಿಡಿತದ ಆವರ್ತನ ಸುಮಾರು 2ರಿಂದ 120 ಅಥವಾ 150 ಹರ್ಟ್ಜ್‌ವರೆಗೆ, ಒಂದೊಂದು ಮಿಡಿತದ ಅಗಲ (ಅದು ಇರುವ ಹೊತ್ತು) ಸುಮಾರು 50ರಿಂದ 250 ಮೈಕ್ರೊಸೆಕೆಂಡಿನವರೆಗೆ ಹೊಂದಿಸಲು ಬರಬೇಕು. ತೀವ್ರತೆಯ ಗರಿಷ್ಠ ಮಿತಿ ಹಲವು ಯಂತ್ರಗಳಲ್ಲಿ 60ರಿಂದ 100 ಮಿಲಿಆಂಪಿಯರ್ ಇರುತ್ತದೆ. 80ರಿಂದ 100 ಹರ್ಟ್ಜ್ ಆಸುಪಾಸಿನ ವೇಗದ ಮಿಡಿತ ಜುಮುಜುಮು ಎನಿಸಿ ಬೇಗ ಹಗುರ ಮಾಡುತ್ತದೆ. 2ರಿಂದ 4 ಹರ್ಟ್ಜ್‌ನ ನಿಧಾನದ ಮಿಡಿತ ಸ್ನಾಯು ತಟ್ಟಿದಂತೆ ಎನಿಸುತ್ತದೆ. ಎರಡೂ ಕೆಲಸ ಮಾಡುವುದು ದೇಹದೊಳಗಿನ ಬೇರೆ ಬೇರೆ ಗ್ರಾಹಕಗಳ (ನೋವುನಿವಾರಕ ರಾಸಾಯನಿಕಗಳು ಬಂದು ಕೂಡುವ ತಾಣಗಳ) ಮೂಲಕ; ಅಫೀಮುಜನ್ಯ ಗುಳಿಗೆಗಳು ಮುಖ್ಯವಾಗಿ ಕೂಡುವುದು ನಿಧಾನದ ಮಿಡಿತದ ಗ್ರಾಹಕಗಳಿಗೇ. ಹೀಗಾಗಿ ವೈದ್ಯರ ಸಲಹೆಯಂತೆ ಅಫೀಮುಜನ್ಯ ನೋವಿನ ಗುಳಿಗೆಗಳನ್ನು ಬಹುಕಾಲದಿಂದ ತೆಗೆದುಕೊಳ್ಳುತ್ತಿರುವವರಿಗೆ ನಿಧಾನದ ಮಿಡಿತಕ್ಕಿಂತ ವೇಗದ ಮಿಡಿತ ಹೆಚ್ಚು ಫಲ ಕೊಡುವ ಸಾಧ್ಯತೆಯಿದೆ. ಒಂದೇ ಹೊಂದಿಕೆಯನ್ನು ದಿನವೂ ಬಳಸಿದರೆ ದೇಹ ಅದಕ್ಕೆ ಒಗ್ಗಿಕೊಂಡು ಫಲ ಕುಗ್ಗುವುದುಂಟು. ಆವರ್ತನ ತಾನಾಗಿ ಬದಲಾಗುತ್ತಿರುವ ಒಂದು ಮೋಡ್ ಇದ್ದರೆ ಒಳ್ಳೆಯದು. ಕೈಯಾರೆ ಹೊಂದಿಸುವ ಸೌಲಭ್ಯ, ಬದಲಾಗುವ ಮೋಡ್ ಒಂದು, ಸ್ಥಿರವಾದದ್ದು ಒಂದು, ಇಷ್ಟು ಇದ್ದರೆ ಉಳಿದ ಇಪ್ಪತ್ತು ಮೋಡ್‌ಗಳು ಇಲ್ಲದಿದ್ದರೂ ನಷ್ಟವಿಲ್ಲ.

ತೀವ್ರತೆಯ ವಿಷಯದಲ್ಲಿ ಗರಿಷ್ಠಕ್ಕಿಂತ ಹೆಜ್ಜೆಗಳು ಮುಖ್ಯ. ಗಟ್ಟಿಯಾಗಿ ತಿಳಿಯಬೇಕು, ಆದರೆ ನೋಯಬಾರದು, ಅದೇ ಸರಿಯಾದ ಮಟ್ಟ. ತೀರ ಮೆಲ್ಲಗಿಟ್ಟುಕೊಂಡವರಿಗೆ ಫಲ ಕಡಿಮೆ. ಒಂದು ಸಲ ಒತ್ತಿದಾಗ ಕರೆಂಟು ಒಮ್ಮೆಲೇ ಜಿಗಿಯುವ ಯಂತ್ರದಲ್ಲಿ ಈ ಮಟ್ಟ ಸಿಗುವುದೇ ಇಲ್ಲ: ಒಂದು ಹೆಜ್ಜೆ ಕೆಳಗೆ ಏನೂ ತಿಳಿಯುವುದಿಲ್ಲ, ಒಂದು ಹೆಜ್ಜೆ ಮೇಲೆ ಚುಚ್ಚುತ್ತದೆ. ಇಪ್ಪತ್ತಕ್ಕಿಂತ ಹೆಚ್ಚು ಹೆಜ್ಜೆಗಳಿರುವುದನ್ನು ನೋಡಿ ಕೊಳ್ಳಬೇಕು. ಪ್ಯಾಡು ಕಳಚಿದರೆ ತಾನೇ ಸೊನ್ನೆಗೆ ಇಳಿಯುವುದು, ಇಪ್ಪತ್ತು-ಮೂವತ್ತು ನಿಮಿಷಕ್ಕೆ ತಾನೇ ನಿಲ್ಲುವುದು, ಕೈ ತಾಗಿ ಏರದಂತೆ ಲಾಕ್ ಆಗುವುದು, ಈ ಮೂರು ಸೌಲಭ್ಯಗಳಿಗೆ ಇನ್ನೂರು-ಮುನ್ನೂರು ರೂಪಾಯಿ ಹೆಚ್ಚಾದರೂ ಕೊಡಬಹುದು. ಯಂತ್ರದ ವಿವರಣೆಯಲ್ಲಿ ಮಿಡಿತ ‘ಬೈಫೇಸಿಕ್’ ಎಂದಿರಬೇಕು. ಹೋದಷ್ಟೇ ಕರೆಂಟು ಹಿಂದಿರುಗಿ ಬರುವುದರಿಂದ ಪ್ಯಾಡಿನ ಕೆಳಗೆ ಚರ್ಮ ಕೆರಳುವುದು ಕಡಿಮೆ.

ಪ್ಯಾಡುಗಳ ಖರ್ಚು

ಯಂತ್ರ ಒಮ್ಮೆ ಕೊಳ್ಳುವಂಥದು, ಪ್ಯಾಡು ಮತ್ತೆ ಮತ್ತೆ ಕೊಳ್ಳುವಂಥದು. ಅಂಟುಜೆಲ್ಲಿನ ಪ್ಯಾಡು ಒಬ್ಬರ ಸ್ವಚ್ಛ ಚರ್ಮದ ಮೇಲೆ ಹದಿನೈದರಿಂದ ಮೂವತ್ತು ಸಲ ಬಂದರೆ ಹೆಚ್ಚು. ನಾಲ್ಕರ ಪೊಟ್ಟಣಕ್ಕೆ ಕೆಲವು ನೂರು ರೂಪಾಯಿ ಬೀಳುವುದರಿಂದ ದಿನವೂ ಬಳಸುವವರಿಗೆ ಒಂದೆರಡು ವರ್ಷದಲ್ಲಿ ಪ್ಯಾಡಿನ ಖರ್ಚು ಯಂತ್ರದ ಬೆಲೆಯನ್ನು ಮೀರುತ್ತದೆ. ವೈರಿನ ತುದಿಯಲ್ಲಿ ಸಾಮಾನ್ಯವಾದ 2 ಮಿಲಿಮೀಟರ್ ಪಿನ್ ಇದ್ದರೆ ಯಾವ ಕಂಪನಿಯ ಪ್ಯಾಡಾದರೂ ಕೂಡುತ್ತದೆ. ಬಟನ್ನಿನಂತೆ ಒತ್ತುವ ಸ್ನ್ಯಾಪ್ ಬಗೆಯೂ ಸುಲಭವಾಗಿ ಸಿಗುತ್ತದೆ. ಇವೆರಡನ್ನು ಬಿಟ್ಟು ಬೇರೆ ಆಕಾರದ ತುದಿ ಇರುವ ಯಂತ್ರ ಎಷ್ಟೇ ಚೆಂದ ಇದ್ದರೂ ಬೇಡ. ಮೊದಲ ಪೊಟ್ಟಣ ಮುಗಿದ ಮೇಲೆ ಪ್ಯಾಡು ಸಿಗದೆ ಕಪಾಟಿನಲ್ಲಿ ಕುಳಿತ ಯಂತ್ರಗಳು ನಮ್ಮ ಕಡೆ ಎಷ್ಟೋ ಮನೆಗಳಲ್ಲಿವೆ.

ದಿನವೂ ಬಳಸುವವರಿಗೆ ಹಳೆಯ ಪದ್ಧತಿಯ ಕರಿ ಕಾರ್ಬನ್ ರಬ್ಬರ್ ಪ್ಯಾಡುಗಳನ್ನು ನಾನು ಖುಷಿಯಿಂದ ಹೇಳುತ್ತೇನೆ. ಬಾಟಲಿಯ ಜೆಲ್ ಸವರಿ, ಟೇಪು ಅಥವಾ ವೆಲ್ಕ್ರೊ ಪಟ್ಟಿಯಿಂದ ಬಿಗಿದರೆ ತಿಂಗಳುಗಟ್ಟಲೆ ಬಾಳುತ್ತವೆ, ತೊಳೆಯಬಹುದು. ಗದಗಿನ ಏಪ್ರಿಲ್ ಬಿಸಿಲಿಗೆ ಅಂಟುಜೆಲ್ ಬೇಗ ಒಣಗಿ ಅಂಚು ಏಳುತ್ತದೆ. ಹಾಗೆ ಎದ್ದ ಪ್ಯಾಡಿನಲ್ಲಿ ಕರೆಂಟು ಉಳಿದ ಸ್ವಲ್ಪ ಜಾಗದಲ್ಲಿಯೇ ಕಿಕ್ಕಿರಿದು ಚುಚ್ಚುತ್ತದೆ. ಅದೇ ಕಾರಣಕ್ಕೆ ಪ್ಯಾಡು ತೀರ ಸಣ್ಣದಿರಬಾರದು, ಟೊಂಕಕ್ಕೆ 5 ಸೆಂಟಿಮೀಟರಿನ ಚೌಕ ಅಥವಾ ಅದಕ್ಕಿಂತ ದೊಡ್ಡದು ಇರಲಿ. ಬಳಸಿದ ಮೇಲೆ ಅಂಟುಬದಿಗೆ ಒಂದು ಹನಿ ನೀರು ಸವರಿ ಪ್ಲಾಸ್ಟಿಕ್ ಹಾಳೆಗೆ ಅಂಟಿಸಿ ತಂಪಾದ ಜಾಗದಲ್ಲಿಟ್ಟರೆ ಇನ್ನಷ್ಟು ದಿನ ಬರುತ್ತವೆ. ಒಬ್ಬರ ಪ್ಯಾಡು ಇನ್ನೊಬ್ಬರಿಗೆ ಬೇಡ.

ಚರ್ಮದ ಸಿದ್ಧತೆಯ ಬಗೆಗೂ ಒಂದು ಮಾತು. ನೋವಿನ ಮುಲಾಮು, ಎಣ್ಣೆ ಹಚ್ಚಿದ ಜಾಗಕ್ಕೆ ಪ್ಯಾಡು ಹಿಡಿಯುವುದಿಲ್ಲ, ಕೆಲವು ಮುಲಾಮುಗಳಿರುವ ಜಾಗ ಉರಿಯುತ್ತದೆ. ಮೆಣಸಿನಕಾಯಿಯ ಕೆಲಸ ಮಾಡಿ ಬಂದವರು ಕೈಯನ್ನೂ ಪ್ಯಾಡು ಹಚ್ಚುವ ಜಾಗವನ್ನೂ ಸಾಬೂನಿನಿಂದ ಚೆನ್ನಾಗಿ ತೊಳೆದು ಒರೆಸಿಕೊಳ್ಳಬೇಕು. ಖಾರದ ಉರಿಯನ್ನೂ ಕರೆಂಟಿನ ಚುಚ್ಚನ್ನೂ ಬೇರೆ ಮಾಡಿ ಗುರುತಿಸಲು ಆಗದಿದ್ದರೆ ತೀವ್ರತೆ ಹೊಂದಿಸುವುದು ಕಷ್ಟ.

ಅಂಗಡಿಯಲ್ಲಿ

ಭಾರತದಲ್ಲಿ ವೈದ್ಯಕೀಯ ಸಾಧನಗಳು 2017ರ ವೈದ್ಯಕೀಯ ಸಾಧನ ನಿಯಮಗಳ ಅಡಿಯಲ್ಲಿ ಬರುತ್ತವೆ. ಅಪಾಯದ ಮಟ್ಟಕ್ಕೆ ತಕ್ಕಂತೆ ಅವನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸಲಾಗಿದೆ. ಪೆಟ್ಟಿಗೆಯ ಮೇಲೆ ತಯಾರಕರ ಅಥವಾ ಆಮದುದಾರರ ಪೂರ್ಣ ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಅಥವಾ ಸರಣಿ ಸಂಖ್ಯೆ, ತಯಾರಾದ ತಿಂಗಳು ಇವೆಯೇ ನೋಡಬೇಕು. ನರ ಮತ್ತು ಸ್ನಾಯು ಪ್ರಚೋದಕ ಯಂತ್ರಗಳಿಗೆಂದೇ ಇರುವ ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡ ಐಇಸಿ 60601-2-10; ಕೈಪಿಡಿಯಲ್ಲಿ ಅದರ ಉಲ್ಲೇಖವಿದ್ದರೆ ಭರವಸೆ ಹೆಚ್ಚು. ‘ಮಸಾಜರ್’ ಎಂದಷ್ಟೇ ಬರೆದು ಇವು ಯಾವುದನ್ನೂ ಹೇಳದ ಯಂತ್ರ ಅಗ್ಗವಾಗಿದ್ದರೂ ಬಿಟ್ಟುಬಿಡಬೇಕು.

ಆನ್‌ಲೈನಿನಲ್ಲಿ ಬೆಲೆ ಕಡಿಮೆ ಇರಬಹುದು, ಆದರೆ ಹುಬ್ಬಳ್ಳಿಯ ಸರ್ಜಿಕಲ್ ಅಂಗಡಿಯಲ್ಲಿ ಕೊಳ್ಳುವುದಕ್ಕೆ ನನ್ನ ಒಲವು. ಬಳಸುವವರನ್ನೇ ಕರೆದುಕೊಂಡು ಹೋಗಿ, ಕನ್ನಡಕ ಹಾಕಿಸಿ, ಯಂತ್ರವನ್ನು ಅವರ ಕೈಗೇ ಕೊಟ್ಟು ‘ಅವ್ವಾ, ನೀನೇ ಚಾಲೂ ಮಾಡು, ನೀನೇ ಬಂದ್ ಮಾಡು’ ಎಂದು ಹೇಳಿ ನೋಡಬೇಕು. ಮುಂಗೈಗೆ ಪ್ಯಾಡು ಅಂಟಿಸಿ ಹೆಜ್ಜೆ ಹೆಜ್ಜೆಗೂ ಕರೆಂಟು ಸಮನಾಗಿ ಏರುತ್ತದೆಯೇ ಪರೀಕ್ಷಿಸಬಹುದು. ವೈರು ಮುರಿದರೆ ಬೇರೆ ವೈರು ಕೊಡುತ್ತೀರಾ, ವಾರಂಟಿ ಕಾಗದಕ್ಕೆ ಅಂಗಡಿಯ ಸೀಲು ಹಾಕುತ್ತೀರಾ ಎಂದು ಕೇಳಿ, ಬಿಲ್ಲಿನ ಮೇಲೆ ಮಾಡೆಲ್ ಸಂಖ್ಯೆ ಬರೆಸಿಕೊಳ್ಳಬೇಕು. ಇಂಥ ಯಂತ್ರದಲ್ಲಿ ಮೊದಲು ಕೆಡುವುದು ಪಿನ್ನಿನ ಬುಡದಲ್ಲಿ ಮಡಚಿ ಮಡಚಿ ಒಳಗೆ ತುಂಡಾಗುವ ವೈರೇ. ಒಂದು ಜೊತೆ ವೈರನ್ನೂ ಒಂದು ಪೊಟ್ಟಣ ಪ್ಯಾಡನ್ನೂ ಅದೇ ದಿನ ಹೆಚ್ಚಿಗೆ ಕೊಂಡಿಡುವುದು ಒಳ್ಳೆಯದು.

ಮನೆಗೆ ತಂದ ಮೇಲೆ ಮೊದಲ ಕೆಲವು ಸಲ ಯಾರಾದರೂ ಜೊತೆಗಿರಬೇಕು. ಮಲಗಿ ನಿದ್ದೆ ಹೋಗುವಾಗ, ಜಳಕದ ಮನೆಯಲ್ಲಿ, ಗಾಡಿ ಓಡಿಸುವಾಗ, ಬೇರೆ ಯಂತ್ರಗಳ ಮುಂದೆ ಕೆಲಸ ಮಾಡುವಾಗ ಹಚ್ಚಿಕೊಳ್ಳಬಾರದು. ಪ್ಯಾಡು ಅಂಟಿಸಿದ ಮೇಲೆ ಯಂತ್ರ ಚಾಲೂ ಮಾಡಬೇಕು, ಬಂದ್ ಮಾಡಿದ ಮೇಲೆ ಪ್ಯಾಡು ಕೀಳಬೇಕು. ತೆಗೆದ ನಂತರ ಚರ್ಮ ತುಸು ಕೆಂಪಾಗಿ ಸ್ವಲ್ಪ ಹೊತ್ತಿಗೆ ಇಳಿದರೆ ಚಿಂತೆಯಿಲ್ಲ. ಗುಳ್ಳೆ, ತುರಿಕೆ, ಮರುದಿನವೂ ಉಳಿದ ಕೆಂಪು ಕಂಡರೆ ಪ್ಯಾಡಿನ ಅಂಟು ಒಗ್ಗಿಲ್ಲವೆಂದು ತಿಳಿದು ಬಳಕೆ ನಿಲ್ಲಿಸಿ, ವೈದ್ಯರಿಗೆ ತೋರಿಸಿ, ಬೇರೆ ಬಗೆಯ ಪ್ಯಾಡು ಕೇಳಬೇಕು. ಎರಡು-ಮೂರು ವಾರ ಸರಿಯಾಗಿ ಬಳಸಿಯೂ ನಡಿಗೆಯಲ್ಲಾಗಲಿ ನಿದ್ದೆಯಲ್ಲಾಗಲಿ ಗುಳಿಗೆಯ ಲೆಕ್ಕದಲ್ಲಾಗಲಿ ಏನೂ ಬದಲಾಗದಿದ್ದರೆ ಕರೆಂಟು ಏರಿಸುವುದನ್ನು ಬಿಟ್ಟು, ನೋವಿನ ಕಾರಣವನ್ನೇ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಲು ವೈದ್ಯರ ಬಳಿ ಹೋಗಬೇಕು.